ಲಾವಂಚದ ಹಂಡೆ

"ಭಟ್ಟಿ ಮುಂದೆ ಯಾರ ಹೆಸರೂ ಎತ್ತಬ್ಯಾಡಿ ಸಾ. ಹಂಡೆ ಕೇಳಿಸ್ಕತೈತೆ," ಎಂದರು ತೋಟದ ಯಜಮಾನ ರಾಮಲಿಂಗಯ್ಯ.

ಮಹೇಂದ್ರ ನಕ್ಕ. ಕೈಲಾಂಚದ ಈ ಹಳೆಯ ತೋಟದಲ್ಲಿ ತಲೆಮಾರುಗಳಿಂದ ಲಾವಂಚದ ಬೇರು ಬೇಯಿಸಿ ಎಣ್ಣೆ ಇಳಿಸುತ್ತಾರೆಂದು ಕೇಳಿ, ಹೆಂಡತಿ ನಯನಾಳ ಜೊತೆ ನೋಡಲು ಬಂದಿದ್ದ.

"ಹಂಡೆಗೂ ಕಿವಿ ಇದೆಯಾ ಯಜಮಾನ್ರೆ?"

"ನಮ್ಮ ಮುತ್ತಾತ ಒಬ್ಬ ಆಳನ್ನ ಅದರೊಳಕ್ಕೆ ತಳ್ಳಿಬುಟ್ಟಿದ್ದ. ಆಳಿನ ಹೆಂಡ್ತಿ ಮಾಟ ಮಾಡಿಸವ್ಳೆ. ಹೆಸರು ಕೇಳುದ್ರೆ ಅವರ ಜೀವಾನೇ ಇಳಿಸ್ತದೆ. ಒಲೆ ಆರಿಸ್ಬುಟ್ರೆ ನಮ್ಮ ಮನೆಯೋರು ಸತ್ತೋಯ್ತಾರೆ."

ಭಟ್ಟಿಮನೆ ಹಗಲಲ್ಲೂ ಕಗ್ಗತ್ತಲು. ಒದ್ದೆ ಮಣ್ಣಿನಂಥ ಲಾವಂಚದ ಘಮ, ಕಣ್ಣಿರಿಯುವ ಹೊಗೆ. ಮಸಿ ಹಿಡಿದ ತಾಮ್ರದ ಹಂಡೆ ಗಂಟಲಲ್ಲಿ ಕಫ ಕಟ್ಟಿದವರಂತೆ ಗೊರಗೊರ ಎನ್ನುತ್ತಿತ್ತು. ಮಹೇಂದ್ರ ಅದರ ಹೊಟ್ಟೆಗೆ ಕೋಲಿನಿಂದ ಬಡಿದ.

"ನಯನಾ! ಲೇ ನಯನಾ! ನಿನ್ನದೇ ಅತ್ತರು ಮಾಡಿಸ್ತೀನಿ, ಬಾ!"

ಕುದಿಯುವ ಸದ್ದು ನಿಂತಿತು.

ಎಣ್ಣೆ ಇಳಿಯುವ ಕೊಳವೆಯ ತುದಿಯಿಂದ ಒಂದು ಹನಿ ಬಿತ್ತು. ಮಣ್ಣಿನ ವಾಸನೆ ಅಲ್ಲ. ಮಹೇಂದ್ರನಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ನಯನಾಳ ಕೂದಲಿನದು. ಬೆವರಿದ ಕತ್ತಿನದು.

ತಿರುಗಿ ನೋಡಿದ. ನಯನಾ ಗೋಡೆಗೆ ಒರಗಿದ್ದಳು. ಕೆನ್ನೆ ಒಳಸೇರಿತ್ತು. ಬೆರಳುಗಳು ಬೇರಿನಂತೆ ಒಣಗಿ ಸೊಟ್ಟಗಾಗುತ್ತಿದ್ದವು.

"ಬದಲಿಗೆ ಇನ್ನೊಂದು ಹೆಸರು ಕೊಡಿ ಸಾ!" ರಾಮಲಿಂಗಯ್ಯ ಕಿರುಚಿದರು. "ಆಗ ಬುಡ್ತದೆ! ಬ್ಯಾಗ!"

ಮಹೇಂದ್ರ ಬಾಯಿ ತೆರೆದ. ತನ್ನ ಹೆಸರು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು. ಒಂದು ಹನಿ. ಮತ್ತೊಂದು.

"ರಾಮಲಿಂಗಯ್ಯ!" ಎಂದು ಅರಚಿದ.

ಹನಿ ನಿಲ್ಲಲಿಲ್ಲ. ರಾಮಲಿಂಗಯ್ಯ ಅವನನ್ನೇ ದಿಟ್ಟಿಸಿದರು. ಮುಖದಲ್ಲಿ ಕೋಪವಿರಲಿಲ್ಲ.

"ನನ್ನ ಹೆಸರು ಹೇಳಿ ಫಲ ಇಲ್ಲ ಸಾ. ಒಲೆ ಉರಿಸಾಕೆ ಅಂತ ನಮ್ಮನ್ನ ಮಡಿಕ್ಕಂಡೈತೆ. ನಮ್ಮನ್ನ ಮುಟ್ಟಾಕಿಲ್ಲ."

ಮಹೇಂದ್ರ ತಲೆ ಕೆರೆದುಕೊಂಡ. ಆಫೀಸಿನವರು. ಪಕ್ಕದ ಮನೆಯವರು. ಯಾರಾದರೂ. ಯಾರ ಹೆಸರೂ ನೆನಪಾಗಲಿಲ್ಲ.

ನಯನಾ ನೋಡುತ್ತಿದ್ದಳು. ಗಂಡ ಯಾರನ್ನು ಹುಡುಕುತ್ತಿದ್ದಾನೆ, ಯಾರನ್ನು ಉಳಿಸಿಕೊಳ್ಳುತ್ತಿದ್ದಾನೆ, ಅವಳಿಗೆ ಅರ್ಥವಾಯಿತು. ಬಿರಿದ ತುಟಿ ಅಲುಗಿತು.

"ಬೇಡ ಕಣೇ," ಎಂದ ಅವನು.

"ಮಹೇಂದ್ರ."

ಮದುವೆಯಾದ ಮೇಲೆ ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಹಂಡೆ ಗೊರಗುಟ್ಟಿತು. ಅವನು ಬಾಗಿಲಿಗೆ ಓಡಿದ. ಹೊಸ್ತಿಲು ದಾಟಲಾಗಲಿಲ್ಲ. ಕುಸಿದ. ಮೈಯ ನೀರೆಲ್ಲ ಯಾರೋ ಹಿಂಡಿದಂತೆ. ರಾಮಲಿಂಗಯ್ಯ ಮುಖ ತಿರುಗಿಸಿ ಒಲೆಗೆ ಸೌದೆ ತಳ್ಳಿದರು.

ನಯನಾಳ ಕೆನ್ನೆಗೆ ರಕ್ತ ಮರಳುತ್ತಿತ್ತು. ಅವನು ತೆವಳಿಕೊಂಡು ಬಂದು ಒಣಗಿದ ಕೈ ಚಾಚಿದ.

ಅವಳು ಸೀರೆಯ ಅಂಚನ್ನು ಅವನಿಗೆ ಸಿಗದಂತೆ ಎಳೆದುಕೊಂಡಳು.