ತಿರುಗಿಸಿದ ಮೀಟರ್, ಸವೆದ ಬೆಲ್ಟ್

ಗುಂಡು ಬಿದ್ದು ಕಾರಿನ ಹಿಂದಿನ ಗಾಜು ಫಳಾರ್ ಎಂದು ಒಡೆಯಿತು!

"ತಲೆ ಬಗ್ಗಿಸಿ ಅತ್ತಿಗೆ!"

ಅತ್ತಿಗೆ ಬಗ್ಗಲಿಲ್ಲ. ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುವ ಮೆಕ್ಯಾನಿಕ್. ಯಾರಿಗೂ ಬಗ್ಗಿದವರಲ್ಲ.

ವಿಷಯ ಹೇಳಿಬಿಡುತ್ತೇನೆ ಕೇಳಿ. ನಮ್ಮ ಹಿಂದೆ ಬಿದ್ದವನು ಸೆಕೆಂಡ್‌ಹ್ಯಾಂಡ್ ಕಾರಿನ ವ್ಯಾಪಾರಿ. ಓಡಿದ ದೂರ ತೋರಿಸುವ ಮೀಟರ್ ಹಿಂದಕ್ಕೆ ತಿರುಗಿಸಿ, ಮುದಿ ಕಾರುಗಳನ್ನು ಮದುಮಗಳಂತೆ ಸಿಂಗರಿಸಿ ಮಾರುವುದು ಅವನ ದಂಧೆ. ಕೋರ್ಟಿನಲ್ಲಿ ಅದನ್ನು ಹೇಳಬಲ್ಲ ಸಾಕ್ಷಿ ಅತ್ತಿಗೆ ಒಬ್ಬರೇ. ಬೆಳಿಗ್ಗೆ ಹನ್ನೊಂದರೊಳಗೆ ಅವರನ್ನು ಜೀವಂತವಾಗಿ ತಲುಪಿಸುವುದು ನನ್ನ ಕೆಲಸ. ಪ್ರೈವೇಟ್ ಡಿಟೆಕ್ಟಿವ್ ನಾನು!

ಆಗ ಹತ್ತು ನಲವತ್ತು.

ಅತ್ತಿಗೆ ಆರಾಮವಾಗಿ ಹಿಂದಕ್ಕೆ ತಿರುಗಿ ನೋಡಿದರು. ಮುಖ ಅರಳಿತು.

"ಅಯ್ಯೋ, ಆ ಬೆಳ್ಳಿ ಬಣ್ಣದ ಕಾರಾ! ಹಳೇ ಓನರ್ ಇದ್ದಾಗ ನನ್ನ ಹತ್ರಾನೇ ಸರ್ವೀಸಿಗೆ ಬರ್ತಿತ್ತು."

"ಕುಶಲೋಪರಿ ಆಮೇಲೆ ಅತ್ತಿಗೆ!"

"ಲಕ್ಷದ ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ ಕಣೋ. ಟೈಮಿಂಗ್ ಬೆಲ್ಟ್ ಲಕ್ಷಕ್ಕೇ ಬದಲಾಯಿಸ್ಬೇಕಿತ್ತು. ಸದ್ದು ಕೇಳಿದ್ರೇ ಗೊತ್ತಾಗತ್ತೆ, ಇನ್ನೂ ಹಳೇದೇ ಇದೆ."

"ಅಂದ್ರೆ?"

"ಹಲ್ಲು ಸವೆದ ರಬ್ಬರ್ ಮೇಲೆ ಇಡೀ ಎಂಜಿನ್ ನಿಂತಿದೆ. ಅದು ಕಿತ್ತೋದ್ರೆ ವಾಲ್ವ್, ಪಿಸ್ಟನ್ ಡಿಕ್ಕಿ ಹೊಡ್ಕೊಂಡು ಎಲ್ಲಾ ಚಿಂದಿ. ಫ್ಲೈಓವರ್ ಹತ್ತು. ಸ್ವಲ್ಪ ಆಸೆ ತೋರಿಸು ಅವ್ನಿಗೆ!"

ಹತ್ತಿದೆ. ಬೇಕೆಂದೇ ನಿಧಾನ ಮಾಡಿದೆ.

ಅವನು ಆಕ್ಸಿಲರೇಟರ್ ಅದುಮಿದ. ಎಂಜಿನ್ ಕಿರುಚಿತು. ಮೂವತ್ತು ಅಡಿ... ಇಪ್ಪತ್ತು... ಕಿಟಕಿಯಿಂದ ಪಿಸ್ತೂಲು ಹೊರಬಂತು.

ಫಟ್!

ಗುಂಡಲ್ಲ... ಬೆಲ್ಟ್!

ಕಾರು ಒಮ್ಮೆ ನಡುಗಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಉರುಳಿತು. ಉರುಳುತ್ತ ಹೋಗಿ, ಗುಂಡಿನ ಸದ್ದು ಕೇಳಿ ಹಿಂದೆಯೇ ಬಂದಿದ್ದ ಪೊಲೀಸ್ ಜೀಪಿನ ಮೂತಿಗೆ ಒರಗಿತು. ಪಿಸ್ತೂಲು ಇನ್ನೂ ಅವನ ಕೈಯಲ್ಲೇ ಇತ್ತು!

"ನಲವತ್ತೇ ಸಾವಿರ ಓಡಿರೋದು!" ಪೊಲೀಸರ ಮುಂದೆ ಬಾಯಿ ಬಡಿದುಕೊಳ್ಳುತ್ತಿದ್ದ. "ಬೇಕಾದ್ರೆ ಮೀಟರ್ ನೋಡಿ ಸಾರ್!"

ತಾನೇ ತಿರುಗಿಸಿದ ಮೀಟರನ್ನು ತಾನೇ ನಂಬಿದ್ದ ಪುಣ್ಯಾತ್ಮ! ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಅತ್ತಿಗೆ ನಗಲಿಲ್ಲ. ನಮ್ಮ ಬಾನೆಟ್ ಕಡೆ ಕಿವಿಗೊಟ್ಟು ಕೂತಿದ್ದರು.

"ಹೋದ ವಾರ ತಗೊಂಡ್ಯಲ್ಲ ಈ ಕಾರು... ಯಾರ ಹತ್ರ?"

ನಮ್ಮ ಮೀಟರ್ ಕಡೆ ನೋಡಿದೆ.

"ತನಿಖೆಗೆ ಅಂತ ಗಿರಾಕಿ ವೇಷದಲ್ಲಿ ಅವ್ನ ಹತ್ರ ಹೋಗಿದ್ದೆ... ಕಾರು ಚೆನ್ನಾಗಿತ್ತು."

"ಆಫ್ ಮಾಡು, ಇದ್ರ ಬೆಲ್ಟೂ ಸವೆದಿದೆ! ಇದೂ ಸಾಕ್ಷೀನೇ. ಹಾಳಾಗದ ಹಾಗೆ ಜಡ್ಜ್ ಮುಂದೆ ನಿಲ್ಲಿಸ್ಬೇಕು."

ಆಫ್ ಮಾಡಿದೆ. ಅತ್ತಿಗೆ ಸ್ಟೀರಿಂಗ್ ಹಿಡಿದರು.

ಹನ್ನೊಂದಕ್ಕೆ ಒಂದು ನಿಮಿಷ ಇರುವಾಗ ಕೋರ್ಟಿನ ಗೇಟು ಮುಟ್ಟಿದೆವು. ನಮ್ಮ ಮೀಟರಿನಲ್ಲಿ ಕಣ್ಣುಮುಚ್ಚಿ ನಂಬಬಹುದಾದದ್ದು ಕೊನೆಯ ಅರ್ಧ ಕಿಲೋಮೀಟರ್ ಮಾತ್ರ... ಅಷ್ಟನ್ನು ನಾನೇ ತಳ್ಳಿದ್ದು!