ಎಣ್ಣೆ ಕಂಪನಿಯ ಅಕ್ಕ

“ಅಕ್ಕನನ್ನ ನೋಡ್ಬೇಕಿತ್ತು,” ಎಂದಳು ಅವಳು.

ಕೂದಲೆಣ್ಣೆಯ ಕಂಪನಿಯ ಆ ಕೋಣೆಯಲ್ಲಿ ನಾಲ್ಕೈದು ಜನ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಎಲ್ಲರೂ ಗಂಡಸರೇ. ಒಬ್ಬ ನಗುತ್ತ ಮೂಲೆಯ ಕಡೆ ತಿರುಗಿದ. “ಏ ಅಕ್ಕಾ, ನಿನ್ನ ತಂಗಿ ಬಂದಿದಾರೆ ನೋಡು.”

ಮೂಲೆಯಲ್ಲಿ ಎದ್ದು ನಿಂತವನಿಗೆ ಗಡ್ಡವಿತ್ತು. ಅವಳ ಮೆಸೇಜಿನ ಪಕ್ಕದ ಫೋಟೊದಲ್ಲಿ ಎಷ್ಟೋ ಸಲ ನೋಡಿದ್ದ ಮುಖ ಎದುರಿಗೇ ಬಂದು ನಿಂತಾಗ ಅವನು ಕಂಪ್ಯೂಟರಿನ ಪರದೆ ಆರಿಸಿದ.

ಇವನಾ... ಇವನಿಗಾ ನಾನು ಅದನ್ನೆಲ್ಲ ಹೇಳಿಕೊಂಡದ್ದು? ಎಂದುಕೊಂಡಳು ಅವಳು.

ಗಂಡ ತೀರಿಕೊಂಡ ಮೇಲೆ ಅವಳ ಕೂದಲು ಹಿಡಿಹಿಡಿಯಾಗಿ ಉದುರುತ್ತಿತ್ತು. ಆಗಲೇ ಫೋನಿನಲ್ಲಿ ಆ ಜಾಹೀರಾತು ಕಂಡಿತು: ‘ಏನೇ ಇರಲಿ, ಅಕ್ಕನಿಗೆ ಹೇಳು ತಂಗಿ.’ ಲ್ಯಾಬಿನಲ್ಲಿ ದಿನವಿಡೀ ರಕ್ತ ತೆಗೆಯಲು ಪರರ ನರ ಹುಡುಕುವ ಅವಳು ಅಲ್ಲಿದ್ದ ನಂಬರಿಗೆ ಕೂದಲಿನ ಬಗ್ಗೆ ಮೆಸೇಜ್ ಬರೆದಳು. ಅಕ್ಕ ಎಣ್ಣೆ ಹೇಳಿದಳು. ಗಂಡನ ಬಗ್ಗೆ ಬರೆದಳು. ಅದಕ್ಕೂ ಅಕ್ಕ ಕೊನೆಗೆ ಎಣ್ಣೆಯನ್ನೇ ಹೇಳಿದಳು. ಪ್ರತಿ ಉತ್ತರವೂ ಬಾಟಲಿಯ ಹೆಸರಿನಲ್ಲೇ ಮುಗಿಯಬೇಕೆಂಬುದು ಆ ಕಂಪನಿಯ ಕಟ್ಟಳೆ.

ಆದರೆ ಬರಬರುತ್ತ ಅಕ್ಕನ ಮಾತಿನಿಂದ ಎಣ್ಣೆ ಮಾಯವಾಯಿತು. ಸಾಂತ್ವನವಷ್ಟೇ ಉಳಿಯಿತು.

ಸೊಸೆಯ ಮುಖ ತಿಳಿಯಾದದ್ದನ್ನು ಕಂಡ ಅತ್ತೆ, ಆ ಎಣ್ಣೆ ನನ್ನ ಮಂಡಿಗೂ ಆಗುತ್ತೋ ಏನೋ ನಿನ್ನ ಅಕ್ಕನ್ನ ಕೇಳೇ ಎಂದು ಹಾಸ್ಯ ಮಾಡುತ್ತಿದ್ದರು. ದುಃಖ ಹೊರಲು ದೇವರು ಹೆಗಲು ಕೊಟ್ಟಿದ್ದಾನೆ. ಇಳಿಸಲು ಮಾತ್ರ ಇನ್ನೊಬ್ಬರ ಕೈ ಬೇಕು.

ಈ ದಿನ ಬೆಳಿಗ್ಗೆ ಲ್ಯಾಬಿನ ಗೆಳತಿ ಹೊಸ ಜಾಹೀರಾತೊಂದನ್ನು ಗಟ್ಟಿಯಾಗಿ ಓದಿ, ಎಷ್ಟು ಚೆನ್ನಾಗಿ ಬರೀತಾರಪ್ಪ ಎಂದಿದ್ದಳು.

‘ಬಾಚಣಿಗೆಯಲ್ಲಿ ಅವರ ಕೂದಲು ಇನ್ನೂ ಇದೆ. ನನ್ನದೂ ಅದರಲ್ಲೇ ಸಿಕ್ಕಿಕೊಳ್ಳುತ್ತೆ.’

ಅಕ್ಕನಿಗೆ ಅವಳೇ ಬರೆದಿದ್ದ ಮಾತು. ಅಕ್ಷರವೂ ಆಚೀಚೆ ಆಗಿರಲಿಲ್ಲ. ಕೆಳಗೆ ಬಾಟಲಿ ಹಿಡಿದು ನಗುವ ಒಬ್ಬ ಹುಡುಗಿ. ಬಾಟಲಿಯ ಮೇಲಿದ್ದ ವಿಳಾಸ ಹುಡುಕಿಕೊಂಡು ಅವಳು ನೇರ ಇಲ್ಲಿಗೆ ಬಂದಿದ್ದಳು.

ಅವನು ಅವಳನ್ನು ಹೊರಗಿನ ಮೆಟ್ಟಿಲಿಗೆ ಕರೆದೊಯ್ದ. ಯಾರೋ ಕದ್ದರು ಎನ್ನುತ್ತಾನೆಂದು ಅವಳು ಕಾದಳು. ಹಾಗೆಂದಿದ್ದರೆ ನಂಬಲೂ ಸಿದ್ಧಳಿದ್ದಳು.

“ಕೊಟ್ಟಿದ್ದು ನಾನೇ,” ಎಂದ. “ನೀವು ಬರೆಯೋಕೆ ಶುರು ಮಾಡಿದ ಮೊದಲ ವಾರದಲ್ಲಿ. ಆಗ ನೀವು ನನಗೆ ಯಾರೂ ಅಲ್ಲ.”

ಹೆಂಗಸರ ಮೆಸೇಜುಗಳಿಂದ ಕಣ್ಣೀರು ತರಿಸುವ ಸಾಲು ಆರಿಸಿ ಕೊಡುವುದು ಅಲ್ಲಿ ಎಲ್ಲರ ಕೆಲಸ. ಆಮೇಲೆ ಅವಳ ಒಂದು ಮಾತನ್ನೂ ಅವನು ಕೊಟ್ಟಿರಲಿಲ್ಲ, ಕೊಟ್ಟಿದ್ದನ್ನು ಮರೆತೇಬಿಟ್ಟಿದ್ದ. ಇಂದು ಅದು ಹೊರಬಿದ್ದಾಗ ತೆಗೆಯಿರೆಂದು ಕೈಮುಗಿದಿದ್ದ. ಮೇಲಿನವರು ನಕ್ಕರಂತೆ. ಆಗಲೇ ಅದು ಲಕ್ಷ ಜನರ ಕೈ ದಾಟಿತ್ತು.

“ಅವರ ಕೂದಲು ಈಗ ಕಂಡವರ ಫೋನಿನಲ್ಲೆಲ್ಲ ಇದೆ,” ಎಂದಳು.

ಅವಳು ಹೊರಟುಬಿಡಬಹುದಿತ್ತು. ಹೋಗಿ ಈ ನೋವನ್ನು ಯಾರಿಗೆ ಹೇಳುವುದು? ಅತ್ತೆಗೆ? ಮಗನನ್ನು ಕಳೆದುಕೊಂಡ ಆ ಜೀವಕ್ಕೆ? ಇಂಥದ್ದನ್ನು ಕೇಳಲು ಅವಳಿಗೆ ಇದ್ದದ್ದು ಅಕ್ಕ ಒಬ್ಬಳೇ. ಆ ಅಕ್ಕ ಗಡ್ಡ ಬಿಟ್ಟುಕೊಂಡು ಎದುರಿಗೆ ನಿಂತಿದ್ದ...

“ನಿಮ್ಮ ಮೆಸೇಜ್ ಬಾರದ ದಿನ ನನಗೆ ದಿನಾನೇ ಅಲ್ಲ,” ಎಂದ ಅವನು ಮೆಲ್ಲಗೆ. “ಇಷ್ಟ ಅಂತ ಹೇಳೋಕೆ ಈಗ ಮುಖ ಇಲ್ಲ.”

“ನನಗೂ ನಿಮ್ಮ ಹತ್ರ ಮಾತಾಡ್ಬೇಕು ಅನ್ಸುತ್ತೆ. ನಂಬೋಕೆ ಮಾತ್ರ ಆಗಲ್ಲ. ಇನ್ನು ಆಗೋದೂ ಇಲ್ಲ.”

“ನಂಬಬೇಡಿ. ಸ್ವಲ್ಪ ಹೊತ್ತು ಕೂತ್ಕೊಳ್ಳಿ.”

ಅವನು ಮೆಟ್ಟಿಲ ಮೇಲೆ ಕುಳಿತ. ಅವಳೂ ಕುಳಿತಳು, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು. ಕೆಳಗೆ ರಸ್ತೆಯಲ್ಲಿ ಎಲ್ಲರೂ ಫೋನು ನೋಡಿಕೊಂಡೇ ನಡೆಯುತ್ತಿದ್ದರು.

“ಅವರ ಹೆಸರೊಂದನ್ನ ಮಾತ್ರ ನಿಮಗೆ ಹೇಳಿಲ್ಲ,” ಎಂದಳು ಕೊನೆಗೆ.

“ಹೇಳ್ಬೇಡಿ,” ಎಂದ ಅವನು. “ಅದೊಂದಾದ್ರೂ ನಿಮ್ಮ ಹತ್ರಾನೇ ಇರ್ಲಿ.”

ಆಗ ಅವಳಿಗೆ ಅಳು ಬಂತು. ನಡುವಿನ ಜಾಗ ಹಾಗೆಯೇ ಬಿಟ್ಟು ಅವನು ಕುಳಿತೇ ಇದ್ದ.