ಮೊದಲ ರೊಟ್ಟಿಯ ಅರ್ಧ

"ಎಂಬತ್ತು ದಾಟಿದವರು ಈ ಮನಿಯಾಗ ಅದಾರಂತ... ಅವರು ನೀವಲ್ಲ ಅಂತ ಕಾಣಸ್ತದ."

ಬಾಗಿಲಲ್ಲಿ ನಿಂತವನು ನಗಲಿಲ್ಲ. ನಗು ಬಂದದ್ದು ನೀಲಾಳಿಗೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಅವನು ಬನವಾಸಿಯ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಶಿವಪುತ್ರಪ್ಪ. ವಯಸ್ಸಾದರೂ ಗಟ್ಟಿಯಾಗಿರುವವರು ಹೇಗೆ ಬದುಕುತ್ತಾರೆಂದು ಕೇಳಿ ಬರೆದುಕೊಳ್ಳುವುದು ಅವನ ಹುಚ್ಚು. ನೀಲಾಳ ಅಜ್ಜಿ ನೀಲಗಂಗವ್ವನಿಗೆ ಎಂಬತ್ತನಾಲ್ಕು. ಅಪ್ಪ ಅವ್ವ ಇಲ್ಲದ ಮನೆಯಲ್ಲಿ ಇವರಿಬ್ಬರೇ.

"ಏನು ಉಣ್ತೀರಿ ಅಜ್ಜಿ?"

"ರೊಟ್ಟಿ, ಪಲ್ಯ, ಮಜ್ಜಿಗಿ. ಆದರ ಒಬ್ಬಾಕೆನ ಉಣ್ಣಂಗಿಲ್ಲಪಾ. ಮೊದಲನೇ ರೊಟ್ಟಿ ಮುರದು ಅರ್ಧ ನೀಲಾಗ ಕೊಡ್ತೀನಿ. ಆಮ್ಯಾಲ ಗಂಟಲದಾಗ ಇಳಿತೈತಿ."

"ಇವರು ಧಾರವಾಡದಾಗ ಬಿ.ಎ. ಓದ್ಯಾರಂತ. ಆವಾಗ ಯಾರ ಜೋಡಿ ಉಣತಿದ್ರಿ?"

"ಆಗ ನನ್ನ ತಂಗಿ ಇದ್ಲು. ಆಕಿ ತೀರಿಕೊಂಡ ಹದಿನೈದು ದಿನಕ್ಕ ಹಾಸಿಗಿ ಹಿಡದೆ. ಇಕಿ ಓಡಿ ಬಂದ್ಲು, ಎದ್ದು ಕುಂತೆ."

ಶಿವಪುತ್ರಪ್ಪ ಬರೆಯುವುದನ್ನು ನಿಲ್ಲಿಸಿ ನೀಲಾಳನ್ನು ನೋಡಿದ. ಆ ಒಂದು ನೋಟವನ್ನು ಅವಳು ತಿಂಗಳುಗಟ್ಟಲೆ ಜೋಪಾನ ಮಾಡಿದಳು. ಅವನೂ ದಿನಾ ಮಧ್ಯಾಹ್ನ ಬರತೊಡಗಿದ.

ಆಮೇಲೆ ಏನಾಯಿತೋ... ಅವನು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂರತೊಡಗಿದ. ಅಲ್ಲಿ ದೇವಕಿ ಅಕ್ಕೋರು ಒಬ್ಬರೇ ಇದ್ದರು. ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ.

ಅವನು ಏನೋ ಬೇಡುವವನಂತೆ ಮಾತಾಡುತ್ತಿದ್ದ. ಅಕ್ಕೋರು ತಲೆ ಬಗ್ಗಿಸಿ ನಗುತ್ತಿದ್ದರು. ಕಿಟಕಿಯ ಸರಳು ಹಿಡಿದು ನೀಲಾ ಅಷ್ಟನ್ನೂ ನೋಡಿದಳು.

'ಅವರ ಜಡೆ ನನಗಿಂತ ಉದ್ದ. ಮಾತೂ ಬರುತ್ತದೆ. ನನಗೇನು ಬರುತ್ತದೆ, ಓಡಿಹೋಗುವುದು!'

ಒಂದು ದಿನ ಶಿರಸಿಗೆ ಹೋದವಳು ಬೇಗನೆ ಬಸ್ಸು ಸಿಕ್ಕು ಊಟದ ಹೊತ್ತಿಗೇ ಮರಳಿದಳು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಅವಳ ಮಣೆಯ ಮೇಲೆ ದೇವಕಿ ಅಕ್ಕೋರು. ಅಜ್ಜಿ ಮೊದಲ ರೊಟ್ಟಿ ಮುರಿದು ಅರ್ಧ ಅವರ ತಾಟಿಗೆ ಹಾಕಿದಳು. ಕಂಬಕ್ಕೊರಗಿ ಶಿವಪುತ್ರಪ್ಪ ನಗುತ್ತಿದ್ದ.

ಅಜ್ಜಿಯೂ... ಅಜ್ಜಿಯೂ ಅವರ ಕಡೆಗೇ ಹೋದಳಲ್ಲ!

ನೀಲಾ ಹಿತ್ತಲಿನ ಬಾವಿಕಟ್ಟೆಗೆ ಹೋಗಿ ಕೂತಳು. ಅವನು ಹಿಂದೆಯೇ ಬಂದ.

"ನನಗ ಸಿದ್ದಾಪುರಕ್ಕ ವರ್ಗ ಆಗೇತ್ರಿ."

"ಅಕ್ಕೋರಿಗೂ ಮಾಡಿಸಿಕೊಳ್ರಿ."

ಇಂಥ ಮಾತು ಅವಳ ಬಾಯಿಂದ ಎಂದೂ ಬಂದಿರಲಿಲ್ಲ. ಹೇಳಿದ ಮೇಲೆ ಕಿವಿ ಬಿಸಿಯಾಯಿತು.

"ಅವರು ಇಲ್ಲೇ ಇರಬೇಕು. ಅದಕ್ಕ ತಿಂಗಳಿಂದ ಬೇಡಿಕೊಂಡೀನಿ," ಎಂದ ಅವನು ಮೆಲ್ಲಗೆ. "ಅಜ್ಜಿ ಊರು ಬಿಟ್ಟು ಬರಂಗಿಲ್ಲ ಅಂದ್ರು. ನಿಮ್ಮನ್ನ ನಾ ಕರಕೊಂಡು ಹೋದರ ಅವರು ಯಾರ ಜೋಡಿ ಉಣ್ಣಬೇಕು? ಗಟ್ಟಿ ಇದ್ದವರನ್ನ ಹುಡುಕ್ಕೊಂಡು ಬಂದಾವ ನಾನೇ ಹಾಸಿಗಿ ಹಿಡಸಲೇನು? ಅಕ್ಕೋರು ಈ ಮನಿಗೇ ಬಂದಿರತೀನಿ ಅಂದ್ರು. ಅವರಿಗೂ ಒಬ್ಬಾಕೆನ ಉಂಡು ಸಾಕಾಗೇತಂತ."

ನೀಲಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಎಲ್ಲಾರನ್ನೂ ಕೇಳಿದ್ರಿ. ನನ್ನ ಬಿಟ್ಟು."

"ಅಕ್ಕೋರ ಜೋಡಿ ಅಜ್ಜಿ ಮೊದಲ ತುತ್ತು ನುಂಗೋದು ನೋಡಿ ಕೇಳಬೇಕಂತ ತಡದಿದ್ದೆ. ಈಗ..."

ಒಳಗಿನಿಂದ ನೀಲಗಂಗವ್ವನ ದನಿ ಬಂತು. "ಏ ಡಾಕ್ಟರಾ, ಆಕಿ ಇನ್ನೂ ಉಂಡಿಲ್ಲ. ಹಸದಾಕಿನ್ನ ಏನೂ ಕೇಳಬ್ಯಾಡ."

ನೀಲಾ ಒಳಗೆ ಹೋಗಿ ಬುಟ್ಟಿಯಿಂದ ರೊಟ್ಟಿ ತೆಗೆದಳು. ದೇವಕಿ ಅಕ್ಕೋರು ಮಣೆಯಿಂದ ಏಳಹೊರಟರು. ಅವರ ಭುಜ ಒತ್ತಿ ಕೂರಿಸಿ, ರೊಟ್ಟಿ ಮುರಿದು, ಅರ್ಧವನ್ನು ಹಿಂದೆಯೇ ಬಂದಿದ್ದ ಶಿವಪುತ್ರಪ್ಪನ ಕೈಗಿಟ್ಟಳು.

"ಒಬ್ಬಾಕೆನ ಉಣ್ಣೋ ರೂಢಿ ನನಗೂ ಇಲ್ರಿ."

"ಸಿದ್ದಾಪುರದಾಗೂ?"

"ಸಿದ್ದಾಪುರದಾಗೂ. ಆದರ ಆಯಿತವಾರ ಇಲ್ಲೇ ಉಣ್ಣೋಣು."